ಬಜೆಟ್ ಗೇಮಿಂಗ್ ಲ್ಯಾಪ್‌ಟಾಪ್: ಹಣ ಗ್ರಾಫಿಕ್ಸ್‌ಗೋ, ಸ್ಟೋರೇಜ್‌ಗೋ?

ಕೈಯಲ್ಲಿರುವ ಹಣಕ್ಕೆ ಎರಡು ಲ್ಯಾಪ್‌ಟಾಪ್‌ಗಳು ಸಿಗುತ್ತವೆ ಎಂದುಕೊಳ್ಳಿ. ಒಂದರಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್, ಆಟ ಮತ್ತು ಕಡತಗಳನ್ನಿಡುವ ಎಸ್‌ಎಸ್‌ಡಿ 512 ಜಿಬಿ. ಇನ್ನೊಂದರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆರ್‌ಟಿಎಕ್ಸ್ 4050, ಆದರೆ ಎಸ್‌ಎಸ್‌ಡಿ 1 ಟಿಬಿ. ಪ್ರೊಸೆಸರ್, ಪರದೆ, ರ‍್ಯಾಮ್ ಎಲ್ಲವೂ ಹೆಚ್ಚುಕಡಿಮೆ ಸಮ. ಬಜೆಟ್ ಇಟ್ಟುಕೊಂಡು ಗೇಮಿಂಗ್ ಲ್ಯಾಪ್‌ಟಾಪ್ ಹುಡುಕುವವರು ಹತ್ತಾರು ಮಾದರಿಗಳನ್ನು ಜಾಲಾಡಿ ಕೊನೆಗೆ ಬಂದು ನಿಲ್ಲುವುದು ಇಂಥದೊಂದು ಕವಲಿನಲ್ಲೇ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಹಣ ಗ್ರಾಫಿಕ್ಸ್‌ಗೆ ಹೋಗಲಿ. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ಪನ್ನೂ ಅದರ ಮೆಮೊರಿಯನ್ನೂ ಕಾರ್ಖಾನೆಯಲ್ಲೇ ಮದರ್‌ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 16ರಂಥ ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ ಅದನ್ನು ಬದಲಿಸುವ ದಾರಿಯೇ ಇಲ್ಲ. ಆ ಅಪವಾದವೂ ಬಜೆಟ್ ವರ್ಗಕ್ಕೆ ಸೇರಿದ್ದಲ್ಲ. ಎಸ್‌ಎಸ್‌ಡಿಯಾದರೋ ತಳದ ಮುಚ್ಚಳ ತೆಗೆದು ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ವಸ್ತು. ಇಂದು ಕಡಿಮೆಯಾದ ಜಾಗವನ್ನು ಮುಂದಿನ ವರ್ಷ ಸೇರಿಸಿಕೊಳ್ಳಬಹುದು. ಇಂದು ಕಡಿಮೆಯಾದ ಗ್ರಾಫಿಕ್ಸನ್ನು ಸರಿಪಡಿಸಬೇಕೆಂದರೆ ಇಡೀ ಲ್ಯಾಪ್‌ಟಾಪನ್ನೇ ಮಾರಬೇಕು.

ಆದರೆ ಇದನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ. 4060 ಎಂಬ ಚೀಟಿ ಅಂಟಿಸಿಕೊಂಡ ಲ್ಯಾಪ್‌ಟಾಪ್ ಒಳ್ಳೆಯ 4050ರ ಮುಂದೆ ಸೋಲುವುದುಂಟು. ಎಸ್‌ಎಸ್‌ಡಿಯನ್ನು ಆಮೇಲೆ ಸೇರಿಸಲು ಜಾಗವೇ ಇಲ್ಲದ ಮಾದರಿಗಳುಂಟು. ಜಾಸ್ತಿ ಹಣ ಕೊಟ್ಟರೂ ಗ್ರಾಫಿಕ್ಸ್‌ನಲ್ಲಿ ಬೇಕಾದದ್ದು ಸಿಗದ ಹಂತಗಳೂ ಇವೆ. ಆಯ್ಕೆಯ ಕಷ್ಟವಿರುವುದು ಈ ವಿವರಗಳಲ್ಲಿ.

ಹೆಸರು ಒಂದೇ, ವ್ಯಾಟ್ ಬೇರೆ

ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ಪಿಗೆ ಡೆಸ್ಕ್‌ಟಾಪ್ ಕಾರ್ಡಿನ ಹೆಸರನ್ನೇ ಇಟ್ಟಿರುತ್ತಾರೆ, ಒಳಗಿರುವುದು ಅದೇ ಅಲ್ಲ. ಆರ್‌ಟಿಎಕ್ಸ್ 4070 ಡೆಸ್ಕ್‌ಟಾಪ್ ಕಾರ್ಡಿನಲ್ಲಿ 5888 ಕೋರ್‌ಗಳು (ಲೆಕ್ಕ ಮಾಡುವ ಪುಟ್ಟ ಘಟಕಗಳು), 12 ಜಿಬಿ ಮೆಮೊರಿ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ 4608 ಕೋರ್‌ಗಳು, 8 ಜಿಬಿ ಮೆಮೊರಿ. ಹಾಗಾಗಿ ವಿಡಿಯೊಗಳಲ್ಲಿ ಡೆಸ್ಕ್‌ಟಾಪ್ ಕಾರ್ಡಿನ ಫ್ರೇಮ್ ಲೆಕ್ಕ (ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬುದು) ನೋಡಿ ಲ್ಯಾಪ್‌ಟಾಪ್ ಆರಿಸಬೇಡಿ. ಪರೀಕ್ಷೆ ಮಾಡಿದ್ದು ಲ್ಯಾಪ್‌ಟಾಪನ್ನೇ, ಅದರಲ್ಲೂ ನೀವು ನೋಡುತ್ತಿರುವ ಮಾದರಿಯನ್ನೇ ಎಂಬುದು ಖಚಿತವಾಗಿರಲಿ.

ಇಷ್ಟು ಸಾಕು ಎನ್ನುವಂತಿಲ್ಲ. ಒಂದೇ ಚಿಪ್ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ರೀತಿ ಓಡುತ್ತದೆ. ಕಾರಣ ಟಿಜಿಪಿ, ಅಂದರೆ ಗ್ರಾಫಿಕ್ಸ್ ಚಿಪ್ ಮತ್ತು ಅದರ ಮೆಮೊರಿಗೆ ಒಟ್ಟಾಗಿ ಎಷ್ಟು ವ್ಯಾಟ್ ವಿದ್ಯುತ್ ಕೊಡಲು ತಯಾರಕರು ನಿರ್ಧರಿಸಿದ್ದಾರೆ ಎಂಬ ಮಿತಿ. 4050, 4060, 4070 ಈ ಮೂರಕ್ಕೂ ಎನ್‌ವಿಡಿಯಾ ಕೊಟ್ಟಿರುವ ಅವಕಾಶ 35ರಿಂದ 115 ವ್ಯಾಟ್. ಅದರ ಮೇಲೆ ಪ್ರೊಸೆಸರ್ ಬಿಡುವಾಗಿದ್ದಾಗ ಡೈನಾಮಿಕ್ ಬೂಸ್ಟ್ ಹೆಸರಿನಲ್ಲಿ ಇನ್ನೊಂದಿಷ್ಟು. ತೆಳ್ಳಗಿನ ಹಗುರ ಮಾದರಿಯಲ್ಲಿ ಶಾಖ ಹೊರಹಾಕಲು ಜಾಗವಿಲ್ಲದ ಕಾರಣ ತಯಾರಕರು ಈ ಪಟ್ಟಿಯ ಕೆಳತುದಿಯನ್ನು ಆರಿಸುತ್ತಾರೆ. ದಪ್ಪಗಿನ ಮಾದರಿ ಮೇಲ್ತುದಿಯಲ್ಲಿ ಓಡುತ್ತದೆ. ಪೆಟ್ಟಿಗೆಯ ಮೇಲೆ ಇಬ್ಬರೂ ಬರೆಯುವುದು ಒಂದೇ ಹೆಸರು.

ಆದ್ದರಿಂದ 45 ವ್ಯಾಟ್‌ನ 4060ಕ್ಕಿಂತ 95 ವ್ಯಾಟ್‌ನ 4050 ಅನೇಕ ಆಟಗಳಲ್ಲಿ ವಾಸಿ. ಈ ಎರಡು ಚಿಪ್‌ಗಳ ವಿಷಯದಲ್ಲಿ ನಾನು ಹಾಕಿಕೊಂಡಿರುವ ಅಳತೆ ಹೀಗಿದೆ: 60 ವ್ಯಾಟ್‌ಗಿಂತ ಕೆಳಗಿದ್ದರೆ ಗೇಮಿಂಗ್‌ಗೆಂದು ಕೊಳ್ಳಬೇಡಿ, 80ರಿಂದ 100ರ ನಡುವೆ ಇದ್ದರೆ ಚೆನ್ನಾಗಿದೆ, 100 ದಾಟಿದ ಮೇಲೆ ಪ್ರತಿ ವ್ಯಾಟ್‌ನ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ, ಹಾಗಾಗಿ 115 ಮತ್ತು 140ರ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಹಣ ತೆರಬೇಕಿಲ್ಲ. ಈ ಸಂಖ್ಯೆ ತಯಾರಕರ ಜಾಲತಾಣದಲ್ಲಿ ಪೂರ್ಣ ವಿವರಗಳ ಪುಟದ ಮೂಲೆಯಲ್ಲೆಲ್ಲೋ ಇರುತ್ತದೆ. ಎಲ್ಲೂ ಕಾಣದಿದ್ದರೆ ಅಡಾಪ್ಟರ್‌ನ ವ್ಯಾಟ್ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಪೂರ್ತಿ ದುಡಿಯುವ ಲ್ಯಾಪ್‌ಟಾಪ್‌ಗೆ 200 ವ್ಯಾಟ್ ಆಸುಪಾಸಿನ ಅಡಾಪ್ಟರ್ ಕೊಟ್ಟಿರುತ್ತಾರೆ. ಜೊತೆಗೆ ಬರುವುದು 120 ವ್ಯಾಟ್‌ನದಾದರೆ ಗ್ರಾಫಿಕ್ಸ್‌ಗೆ ಸಿಗುವ ಪಾಲು ದೊಡ್ಡದಿರಲಾರದು.

ಇನ್ನೊಂದು ವಿವರವೂ ಇದೇ ಪುಟದಲ್ಲಿ ಸಿಗುತ್ತದೆ: ಮಕ್ಸ್ ಸ್ವಿಚ್. ಅದಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಚಿಪ್ ಬಿಡಿಸಿದ ಪ್ರತಿ ಫ್ರೇಮ್ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಮೂಲಕ ಹಾದು ಪರದೆ ತಲುಪುತ್ತದೆ. ಸ್ವಿಚ್ ಇದ್ದರೆ ನೇರ ದಾರಿ. ವೇಗದ ಶೂಟಿಂಗ್ ಆಟಗಳಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಹೊರಗಿನ ಮಾನಿಟರ್ ಜೋಡಿಸಿ ಆಡುವವರಿಗೆ, ಎಚ್‌ಡಿಎಂಐ ಪೋರ್ಟ್ ನೇರವಾಗಿ ಗ್ರಾಫಿಕ್ಸ್ ಚಿಪ್ಪಿಗೆ ಸೇರಿದ್ದರೆ, ಸ್ವಿಚ್ ಇಲ್ಲದಿದ್ದರೂ ನಡೆಯುತ್ತದೆ.

4, 6, 8 ಜಿಬಿ: ನಿಜವಾದ ಗೆರೆ ಇಲ್ಲಿದೆ

ಬಜೆಟ್ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್‌ನ ಆಯುಸ್ಸನ್ನು ನಿರ್ಧರಿಸುವುದು ಚಿಪ್ಪಿನ ವೇಗಕ್ಕಿಂತ ಹೆಚ್ಚಾಗಿ ಅದರ ವಿಡಿಯೊ ಮೆಮೊರಿ. ಆಟ ನಡೆಯುವಾಗ ಪರದೆಯ ಮೇಲೆ ಕಾಣುವ ಗೋಡೆ, ಬಟ್ಟೆ, ಮುಖ, ಮರದ ತೊಗಟೆ ಎಲ್ಲದರ ಮೇಲ್ಮೈ ಚಿತ್ರಗಳು, ಅಂದರೆ ಟೆಕ್ಸ್ಚರ್‌ಗಳು, ಆ ಮೆಮೊರಿಯಲ್ಲೇ ಕೂತಿರಬೇಕು. 4060 ಚಿಪ್ಪಿಗೂ ಅದರ ಮೆಮೊರಿಗೂ ನಡುವೆ ಸೆಕೆಂಡಿಗೆ ಸುಮಾರು 256 ಜಿಬಿ ಮಾಹಿತಿ ಓಡಾಡಬಲ್ಲದು. ಜಾಗ ಸಾಲದಾದಾಗ ಉಳಿದದ್ದನ್ನು ಲ್ಯಾಪ್‌ಟಾಪ್‌ನ ಸಾಮಾನ್ಯ ರ‍್ಯಾಮ್‌ನಲ್ಲಿಟ್ಟು, ಗ್ರಾಫಿಕ್ಸ್ ಚಿಪ್ಪನ್ನು ಉಳಿದ ಭಾಗಗಳಿಗೆ ಜೋಡಿಸುವ ಪಿಸಿಐಇ ದಾರಿಯಿಂದ ತರಿಸಿಕೊಳ್ಳಬೇಕಾಗುತ್ತದೆ. ಎಂಟು ಲೇನ್‌ಗಳ, ನಾಲ್ಕನೇ ಪೀಳಿಗೆಯ ಆ ದಾರಿಯಲ್ಲಿ ಸೆಕೆಂಡಿಗೆ ಬರುವುದು ಹೆಚ್ಚೆಂದರೆ 16 ಜಿಬಿ ಆಸುಪಾಸು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದು ಫ್ರೇಮ್ ಬಿಡಿಸಲು ಸಿಗುವ ಕಾಲ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಬೇಕಾದ ಟೆಕ್ಸ್ಚರ್ ಬಾರದಿದ್ದರೆ ಆಟ ತಡವರಿಸುತ್ತದೆ. ಸರಾಸರಿ ಫ್ರೇಮ್ ಲೆಕ್ಕ ನೋಡಿದರೆ ಎಲ್ಲವೂ ಸರಿಯಿದೆ ಅನ್ನಿಸುತ್ತದೆ. ಆಡುವವನಿಗೆ ಮಾತ್ರ ತಿರುವಿನಲ್ಲಿ ತಿರುಗಿದಾಗಲೆಲ್ಲ ಚಿತ್ರ ಒಂದು ಕ್ಷಣ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವು ಆಟಗಳು ತಡವರಿಸುವ ಬದಲು ಮಸುಕಾದ ಟೆಕ್ಸ್ಚರ್‌ಗಳನ್ನು ತೋರಿಸಿ ಸುಮ್ಮನಾಗುತ್ತವೆ.

ಎಸ್‌ಎಸ್‌ಡಿ ಎಷ್ಟೇ ವೇಗದ್ದಾಗಿದ್ದರೂ ಈ ಕೊರತೆ ತುಂಬುವುದಿಲ್ಲ ಎಂಬುದನ್ನು ಗಮನಿಸಿ. ನಾಲ್ಕನೇ ಪೀಳಿಗೆಯ ಉತ್ತಮ ಎಸ್‌ಎಸ್‌ಡಿ ಸೆಕೆಂಡಿಗೆ 7 ಜಿಬಿ ಓದುತ್ತದೆ. ಸಾಲದೆನ್ನುವ ಪಿಸಿಐಇ ದಾರಿಯ ಅರ್ಧವೂ ಅದಲ್ಲ.

ಹೀಗಿರುವಾಗ 4 ಜಿಬಿ ಮೆಮೊರಿಯ ಚಿಪ್‌ಗಳನ್ನು, ಅಂದರೆ ಜಿಟಿಎಕ್ಸ್ 1650, ಆರ್‌ಟಿಎಕ್ಸ್ 2050, ಮೊದಲ ಆವೃತ್ತಿಯ ಆರ್‌ಟಿಎಕ್ಸ್ 3050 ಇವುಗಳನ್ನು, ಹೊಸ ದೊಡ್ಡ ಆಟಗಳಿಗೆಂದು ಈಗ ಕೊಳ್ಳುವುದು ಬೇಡ. 1650ರಲ್ಲಿ ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಎಐ ಮೂಲಕ ಹಿಗ್ಗಿಸಿ ವೇಗ ಹೆಚ್ಚಿಸುವ ಡಿಎಲ್‌ಎಸ್‌ಎಸ್ ಸೌಲಭ್ಯವೂ ಇಲ್ಲ, ಬೆಳಕಿನ ಕಿರಣಗಳ ದಾರಿ ಲೆಕ್ಕಹಾಕಿ ನೆರಳು, ಪ್ರತಿಫಲನ ಬಿಡಿಸುವ ರೇ ಟ್ರೇಸಿಂಗ್ ಯಂತ್ರಾಂಶವೂ ಇಲ್ಲ. 2050ರ ಹೆಸರಿನಲ್ಲಿ ಆರ್‌ಟಿಎಕ್ಸ್ ಇದ್ದರೂ ಅದರ ಮೆಮೊರಿ ದಾರಿ ಕೇವಲ 64 ಬಿಟ್ ಅಗಲದ್ದು. 3050ರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: ಅದೇ ಹೆಸರಿನಲ್ಲಿ 4 ಜಿಬಿಯದೂ 6 ಜಿಬಿಯದೂ ಮಾರಾಟವಾಗುತ್ತವೆ, ಒಳಗಿನ ಚಿಪ್ಪಿನ ರಚನೆಯೂ ಬೇರೆ. ಅಂಗಡಿಯವರು ಬರೀ 3050 ಎಂದರೆ ಯಾವುದು ಎಂದು ಕೇಳಲೇಬೇಕು.

6 ಜಿಬಿ ಇಂದಿಗೆ ನಡೆಯುತ್ತದೆ, ಟೆಕ್ಸ್ಚರ್ ಗುಣಮಟ್ಟವನ್ನು ಮಧ್ಯಮಕ್ಕೆ ಇಳಿಸಲು ನೀವು ಸಿದ್ಧರಿದ್ದರೆ. ಆದರೆ ಗೆರೆ ಮೇಲಕ್ಕೆ ಸರಿಯುತ್ತಿದೆ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್ ಮತ್ತು 2025ರ ಮೇ ತಿಂಗಳಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್, ಎರಡೂ ರೇ ಟ್ರೇಸಿಂಗ್ ಯಂತ್ರಾಂಶ ಕಡ್ಡಾಯ ಎನ್ನುತ್ತವೆ, ಎರಡೂ ಕನಿಷ್ಠ ಅಗತ್ಯವೆಂದು ಹೇಳಿರುವುದು 8 ಜಿಬಿ ವಿಡಿಯೊ ಮೆಮೊರಿ. ಶಿಫಾರಸು ಅಲ್ಲ, ಕನಿಷ್ಠ. 6 ಜಿಬಿಯಲ್ಲಿ ಅವನ್ನು ಹೇಗೋ ತಳ್ಳಿಕೊಂಡು ಹೋಗುವವರಿರಬಹುದು, ಆದರೆ ಆಟ ತಯಾರಿಸುವವರು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದಾರೆ ಎಂಬುದು ಸ್ಪಷ್ಟ. ಬಿಡಿಸಿದ ಫ್ರೇಮ್‌ಗಳ ನಡುವೆ ಹೆಚ್ಚುವರಿ ಫ್ರೇಮ್ ಸೃಷ್ಟಿಸಿ ಸೇರಿಸುವ ಫ್ರೇಮ್ ಜನರೇಷನ್ ಬಳಸಿ ವೇಗ ಹೆಚ್ಚಿಸಿಕೊಳ್ಳೋಣವೆಂದರೆ ಅದಕ್ಕೂ ಒಂದಿಷ್ಟು ಮೆಮೊರಿ ಬೇಕು. ಕೊರತೆ ಇರುವಲ್ಲೇ ಇನ್ನೊಂದು ಹೊರೆ.

ಆದ್ದರಿಂದ ಬಜೆಟ್‌ನಲ್ಲಿ ಗುರಿ 8 ಜಿಬಿ. 2023ರ ಮಾದರಿಗಳಲ್ಲಿ ಅದಕ್ಕೆ 4060ಕ್ಕೆ ಏರಬೇಕಿತ್ತು. 2025ರಲ್ಲಿ ಬಂದ 50ರ ಸರಣಿಯಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲಾದ ಆರ್‌ಟಿಎಕ್ಸ್ 5050 ಕೂಡ 8 ಜಿಬಿ ಜಿಡಿಡಿಆರ್7 ಮೆಮೊರಿಯೊಂದಿಗೆ ಬರುತ್ತದೆ. ಕಡಿಮೆ ಹಣದವರಿಗೆ ಇದೊಂದು ಒಳ್ಳೆಯ ಬದಲಾವಣೆ. 4050 ಮತ್ತು 5050 ನಡುವೆ ಬೆಲೆಯ ಅಂತರ ಸ್ವಲ್ಪವೇ ಇದ್ದರೆ ಯೋಚಿಸದೆ 5050 ತೆಗೆದುಕೊಳ್ಳಿ. 4060 ಅದಕ್ಕಿಂತ ಅಗ್ಗವಾಗಿ ಸಿಕ್ಕರೆ ಅದೂ ಸರಿಯೇ.

ಇನ್ನು ಹಳೆಯ ಪೀಳಿಗೆಯ ಮಧ್ಯಮ ಚಿಪ್ ಒಳ್ಳೆಯದೋ ಹೊಸ ಪೀಳಿಗೆಯ ಕೆಳಗಿನದೋ ಎಂಬ ಪ್ರಶ್ನೆ. 3060 ಲ್ಯಾಪ್‌ಟಾಪ್ ಚಿಪ್ಪಿನಲ್ಲಿ 3840 ಕೋರ್‌ಗಳು, 192 ಬಿಟ್ ಅಗಲದ 6 ಜಿಬಿ ಮೆಮೊರಿ. 4050ರಲ್ಲಿ 2560 ಕೋರ್‌ಗಳು, 96 ಬಿಟ್‌ನ 6 ಜಿಬಿ. ಕಾಗದದ ಮೇಲೆ 3060 ದೊಡ್ಡದಾಗಿ ಕಾಣುತ್ತದೆ, ಆಟದಲ್ಲಿ ಎರಡೂ ಹತ್ತಿರ ಹತ್ತಿರ. 4050 ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಶಾಖದಲ್ಲಿ ಅಷ್ಟು ಕೆಲಸ ಮಾಡುತ್ತದೆ, ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಸೌಲಭ್ಯ 40ರ ಸರಣಿಯಿಂದ ಈಚೆಗಷ್ಟೇ ಸಿಗುತ್ತದೆ. ಹೊಸದಾಗಿ ಕೊಳ್ಳುವುದಾದರೆ 4050. ಬಳಸಿದ್ದನ್ನು ಕೊಳ್ಳುವುದಾದರೆ ಬೆಲೆಯೇ ನಿರ್ಧರಿಸಲಿ.

ಇನ್ನೊಂದು ಚಿಪ್ ಕಂಪನಿಯಾದ ಎಎಂಡಿಯ ಆರ್‌ಎಕ್ಸ್ 6600ಎಂ, 7600ಎಸ್ ಚಿಪ್‌ಗಳಲ್ಲೂ 8 ಜಿಬಿ ಇದೆ. ರೇ ಟ್ರೇಸಿಂಗ್‌ನಲ್ಲಿ ಹಿಂದೆ ಬೀಳುತ್ತವೆ, ಸಾಮಾನ್ಯ ಆಟಕ್ಕೆ ಚೆನ್ನಾಗಿವೆ. ಇವುಗಳನ್ನು ಹಾಕಿದ ಲ್ಯಾಪ್‌ಟಾಪ್‌ಗಳು ಕಡಿಮೆ, ಸಿಕ್ಕರೆ ತಳ್ಳಿಹಾಕಬೇಡಿ.

ಗ್ರಾಫಿಕ್ಸ್‌ಗೆ ಹಣ ಹಾಕಿ ಎಂಬ ನನ್ನ ಮಾತು ಇಲ್ಲಿಗೆ ಮುಗಿಯುತ್ತದೆ. 4060ರಿಂದ 4070ಕ್ಕೆ, ಅಥವಾ 5060ರಿಂದ 5070ಕ್ಕೆ ಏರಿದರೆ ವೇಗ ಹೆಚ್ಚುತ್ತದೆ ನಿಜ, ಆದರೆ 2025ರ 5070 ಲ್ಯಾಪ್‌ಟಾಪ್ ಚಿಪ್ಪಿನಲ್ಲೂ ಮೆಮೊರಿ ಅದೇ 8 ಜಿಬಿ, ಅದರ ದಾರಿ ಅದೇ 128 ಬಿಟ್. 12 ಜಿಬಿ ಬರುವುದು 5070 ಟಿಐನಲ್ಲಿ, ಅದು ಬಜೆಟ್ ಮಾತಲ್ಲ. ಅಂದರೆ 8 ಜಿಬಿಯ ಮೆಟ್ಟಿಲು ಹತ್ತಿದ ಮೇಲೆ ಉಳಿದ ಹಣವನ್ನು ಗ್ರಾಫಿಕ್ಸ್‌ಗೇ ಸುರಿಯುವುದಕ್ಕಿಂತ 1 ಟಿಬಿ ಎಸ್‌ಎಸ್‌ಡಿಗೋ, 16 ಜಿಬಿ ರ‍್ಯಾಮ್‌ಗೋ ಕೊಡುವುದು ಜಾಣತನ. ಆರಂಭದಲ್ಲಿ ಹೇಳಿದ ಜೋಡಿ 4070–512 ಮತ್ತು 4060–1 ಟಿಬಿ ಆಗಿದ್ದಿದ್ದರೆ ನನ್ನ ಉತ್ತರ ತಿರುವುಮುರುವಾಗುತ್ತಿತ್ತು.

ಪರದೆಯನ್ನೂ ಇದೇ ಲೆಕ್ಕದಲ್ಲಿ ನೋಡಿ. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳು. 2560×1600ರಲ್ಲಿ ಸುಮಾರು 41 ಲಕ್ಷ. ಎರಡರಷ್ಟು ಕೆಲಸ. 4050, 5050 ಮಟ್ಟದ ಚಿಪ್ ಇರುವ ಲ್ಯಾಪ್‌ಟಾಪ್‌ಗೆ ಆ ದೊಡ್ಡ ಪರದೆ ಶೋಭೆ ತರುತ್ತದೆಯೇ ಹೊರತು ಆಟಕ್ಕೆ ಹೊರೆ. 1080 ಅಥವಾ 1200 ಸಾಲುಗಳ, 144 ಹರ್ಟ್ಸ್‌ನ ಪರದೆ ಸಾಕು.

ಸ್ಟೋರೇಜ್: ವೇಗದ ಮೋಹ ಬೇಡ, ಜಾಗದ ಲೆಕ್ಕ ಬೇಕು

ಸ್ಟೋರೇಜ್ ಜಾಹೀರಾತುಗಳಲ್ಲಿ ವೇಗದ ಸಂಖ್ಯೆಗಳು ಎದ್ದು ಕುಣಿಯುತ್ತವೆ. ಹಳೆಯ ಸಾಟಾ ಸಂಪರ್ಕದ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಪಿಸಿಐಇ ದಾರಿ ಬಳಸುವ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಮೂರನೇ ಪೀಳಿಗೆಯದು 3500 ಎಂಬಿ, ನಾಲ್ಕನೆಯದು 7000 ಎಂಬಿ. ಆಟ ತೆರೆದುಕೊಳ್ಳುವ ಕಾಲ ಮಾತ್ರ ಈ ಅನುಪಾತದಲ್ಲಿ ಇಳಿಯುವುದಿಲ್ಲ. ಹಾರ್ಡ್ ಡಿಸ್ಕ್‌ನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ನಿಮಿಷಗಳು ಸೆಕೆಂಡುಗಳಾಗುತ್ತವೆ. ಅಲ್ಲಿಂದ ಮೇಲೆ, ಮೂರನೆಯದರಿಂದ ನಾಲ್ಕನೇ ಪೀಳಿಗೆಗೆ ಹೋದಾಗ, ಹೆಚ್ಚಿನ ಆಟಗಳಲ್ಲಿ ಉಳಿಯುವುದು ಒಂದೆರಡು ಸೆಕೆಂಡು. ಏಕೆಂದರೆ ಓದಿಕೊಂಡ ಕಡತಗಳನ್ನು ಬಿಡಿಸಿ ಸಿದ್ಧಪಡಿಸುವ ಕೆಲಸ ಪ್ರೊಸೆಸರ್‌ನದು, ನಮ್ಮನ್ನು ಕಾಯುವಂತೆ ಮಾಡುವುದು ಅದು. ಈ ಹೊರೆಯನ್ನು ತಗ್ಗಿಸುವ ಡೈರೆಕ್ಟ್‌ಸ್ಟೋರೇಜ್ ತಂತ್ರ ಬಳಸುವ ಆಟಗಳು 2023ರಿಂದ ಬರುತ್ತಿವೆ, ಆದರೆ ಅದಕ್ಕಾಗಿಯೇ ದುಬಾರಿ ಎಸ್‌ಎಸ್‌ಡಿ ಕೊಳ್ಳುವಷ್ಟು ಅವು ಇನ್ನೂ ಹಬ್ಬಿಲ್ಲ. ನಾಲ್ಕನೇ ಪೀಳಿಗೆಯ 512 ಮತ್ತು ಮೂರನೇ ಪೀಳಿಗೆಯ 1 ಟಿಬಿ ಒಂದೇ ಬೆಲೆಗೆ ಸಿಕ್ಕರೆ 1 ಟಿಬಿಯೇ ಸರಿ.

ಜಾಗದ ಲೆಕ್ಕ ಹಾಕೋಣ. ತಯಾರಕರ 512 ಜಿಬಿ ವಿಂಡೋಸ್‌ನಲ್ಲಿ 476 ಜಿಬಿ ಎಂದು ಕಾಣುತ್ತದೆ. ಅವರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ವಿಂಡೋಸ್, ಅದರ ಅಪ್‌ಡೇಟ್‌ಗಳು, ರಿಕವರಿ ವಿಭಾಗ, ದಿನಬಳಕೆಯ ಒಂದಿಷ್ಟು ತಂತ್ರಾಂಶ ಸೇರಿ 70–80 ಜಿಬಿ ಹೋಗುತ್ತದೆ. ಎಸ್‌ಎಸ್‌ಡಿಯನ್ನು ಗಂಟಲುಮಟ್ಟ ತುಂಬಿದರೆ ಬರೆಯುವ ವೇಗ ಕುಸಿಯುತ್ತದೆ, ಹಾಗಾಗಿ ಹತ್ತನೇ ಒಂದು ಪಾಲು ಖಾಲಿ ಬಿಡಬೇಕು. ಆಟಗಳಿಗೆ ಉಳಿಯುವುದು 350 ಜಿಬಿ. ಬಾಲ್ಡರ್ಸ್ ಗೇಟ್ 3 ಕೇಳುವುದು 150 ಜಿಬಿ, ಸ್ಟಾರ್‌ಫೀಲ್ಡ್ 125 ಜಿಬಿ, ಸೈಬರ್‌ಪಂಕ್ 2077 70 ಜಿಬಿ. ಮೂರಕ್ಕೇ 345. ನಾಲ್ಕನೆಯದಕ್ಕೆ ಜಾಗವಿಲ್ಲ. ಇದೇ ಲೆಕ್ಕದಲ್ಲಿ 1 ಟಿಬಿಯಲ್ಲಿ ಆಟಕ್ಕೆ 750 ಜಿಬಿಯಷ್ಟು ಸಿಗುತ್ತದೆ, ದೊಡ್ಡ ಆಟಗಳು ಆರೇಳು ಕೂರುತ್ತವೆ. 256 ಜಿಬಿಯ ಗೇಮಿಂಗ್ ಲ್ಯಾಪ್‌ಟಾಪ್ ಎಂಬುದೇ ವಿರೋಧಾಭಾಸ.

ಹಳೆಯ ದಾಸ್ತಾನಿನಲ್ಲಿ 256 ಜಿಬಿ ಎಸ್‌ಎಸ್‌ಡಿ ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್ ಇರುವ ಮಾದರಿಗಳು ಇನ್ನೂ ಕಾಣುತ್ತವೆ. ಒಟ್ಟು ಜಾಗ ಹೆಚ್ಚು ಎಂದು ಮರುಳಾಗಬೇಡಿ. ಸ್ಟಾರ್‌ಫೀಲ್ಡ್‌ನಂಥ ಆಟಗಳು ಎಸ್‌ಎಸ್‌ಡಿ ಕಡ್ಡಾಯ ಎಂದೇ ಹೇಳುತ್ತವೆ. ಹಾರ್ಡ್ ಡಿಸ್ಕ್‌ನಿಂದ ಆಡಿದರೆ ನಡೆಯುತ್ತಿರುವ ದೃಶ್ಯಕ್ಕೆ ಬೇಕಾದ ಮಾಹಿತಿ ಸಮಯಕ್ಕೆ ಬಾರದೆ ಆಟ ನಿಂತು ನಿಂತು ಸಾಗುತ್ತದೆ.

ಎಸ್‌ಎಸ್‌ಡಿಯ ಗುಣಮಟ್ಟದ ಬಗ್ಗೆ ಎರಡೇ ಮಾತು. ಟಿಎಲ್‌ಸಿ ಎಂದರೆ ಪ್ರತಿ ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿ ಎಂದರೆ ನಾಲ್ಕು. ಕ್ಯೂಎಲ್‌ಸಿ ಅಗ್ಗ, ಆದರೆ ದೊಡ್ಡ ಕಡತಗಳನ್ನು ಒಂದೇ ಸಮನೆ ಬರೆಯುವಾಗ ಅದರ ತಾತ್ಕಾಲಿಕ ವೇಗದ ಭಾಗ ತುಂಬಿದ ಮೇಲೆ ಬಹಳ ನಿಧಾನವಾಗುತ್ತದೆ. ಆಟದ ಡ್ರೈವ್‌ನಲ್ಲಿ ಬರೆಯುವುದಕ್ಕಿಂತ ಓದುವುದೇ ಹೆಚ್ಚು, ಆದ್ದರಿಂದ ಎರಡನೇ ಡ್ರೈವ್ ಆಗಿ ಕ್ಯೂಎಲ್‌ಸಿ ತಪ್ಪೇನಲ್ಲ. ವಿಂಡೋಸ್ ಇರುವ ಮುಖ್ಯ ಡ್ರೈವ್ ಟಿಎಲ್‌ಸಿಯೇ ಇರಲಿ.

ಆಮೇಲೆ ಹಾಕಿಸುತ್ತೇನೆ ಎನ್ನುವ ಮೊದಲು

ಗ್ರಾಫಿಕ್ಸ್ ಈಗ, ಸ್ಟೋರೇಜ್ ಆಮೇಲೆ ಎಂಬ ಲೆಕ್ಕ ನಿಲ್ಲುವುದು ಲ್ಯಾಪ್‌ಟಾಪ್‌ನೊಳಗೆ ಖಾಲಿ ಎಂ.2 ಸ್ಲಾಟ್, ಅಂದರೆ ಎಸ್‌ಎಸ್‌ಡಿ ಕೂರುವ ಜಾಗ, ಇದ್ದರೆ. ಎರಡು ಸ್ಲಾಟ್‌ಗಳಿದ್ದರೆ ಕಾರ್ಖಾನೆಯ 512 ಜಿಬಿ ಇದ್ದಲ್ಲೇ ಇರುತ್ತದೆ, ಪಕ್ಕದಲ್ಲಿ ಇನ್ನೊಂದು ಬಂದು ಕೂರುತ್ತದೆ. ಒಂದೇ ಸ್ಲಾಟ್ ಇದ್ದರೆ ಹಳೆಯದನ್ನು ತೆಗೆದು ದೊಡ್ಡದನ್ನು ಹಾಕಬೇಕು, ವಿಂಡೋಸನ್ನು ನಕಲಿಸಬೇಕು ಅಥವಾ ಹೊಸದಾಗಿ ಹಾಕಬೇಕು. ಮೊದಲು ತೆತ್ತ 512 ಜಿಬಿಯ ಹಣ ಅಷ್ಟರಮಟ್ಟಿಗೆ ವ್ಯರ್ಥ. ಸ್ಲಾಟ್‌ನ ಅಳತೆಯನ್ನೂ ಕೇಳಿ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಇದು ಸಾಮಾನ್ಯ ಅಳತೆ, ಆಯ್ಕೆ ಹೆಚ್ಚು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 42 ಅಥವಾ 30 ಮಿಲಿಮೀಟರ್ ಉದ್ದದ ಗಿಡ್ಡ ಡ್ರೈವ್‌ಗಷ್ಟೇ ಜಾಗವಿರುತ್ತದೆ. ಎಂ.2 ಆಕಾರದಲ್ಲೇ ಸಾಟಾ ಡ್ರೈವ್‌ಗಳೂ ಮಾರಾಟಕ್ಕಿವೆ. ಎನ್‌ವಿಎಂಇಯನ್ನಷ್ಟೇ ಒಪ್ಪುವ ಸ್ಲಾಟ್‌ನಲ್ಲಿ ಅವು ಕೆಲಸ ಮಾಡುವುದಿಲ್ಲ.

ಮಾದರಿಯ ಸರ್ವಿಸ್ ಕೈಪಿಡಿ ತಯಾರಕರ ಜಾಲತಾಣದಲ್ಲಿ ಸಿಕ್ಕರೆ ಕೊಳ್ಳುವ ಮೊದಲೇ ತೆರೆದು ನೋಡಿ. ತಳದ ಮುಚ್ಚಳ ಬಿಚ್ಚಿದ ಚಿತ್ರದಲ್ಲಿ ಎಲ್ಲ ಉತ್ತರವೂ ಇರುತ್ತದೆ. ಮುಚ್ಚಳ ತೆರೆದರೆ ವಾರಂಟಿ ಹೋಗುತ್ತದೆಯೇ ಎಂಬುದನ್ನು ಮಾರುವವರಿಂದ ಬರಹದಲ್ಲಿ ಪಡೆಯಿರಿ.

ಜೋಡಿಸುವ ಕೆಲಸ ಹೆದರುವಂಥದ್ದಲ್ಲ. ಲ್ಯಾಪ್‌ಟಾಪ್ ಪೂರ್ತಿ ಆರಿಸಿ ಅಡಾಪ್ಟರ್ ಕಿತ್ತು, ತಳದ ಸ್ಕ್ರೂಗಳನ್ನು ಬಿಚ್ಚಿ. ಮುಂದಿನ ಸಾಲಿನವು ಗಿಡ್ಡ, ಹಿಂದಿನವು ಉದ್ದ ಇರುವುದು ಸಾಮಾನ್ಯ, ಬೆರೆಸದೆ ತೆಗೆದಿಟ್ಟುಕೊಳ್ಳಿ. ಮುಚ್ಚಳ ಎತ್ತಿದೊಡನೆ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಎಸ್‌ಎಸ್‌ಡಿಯ ಚಿನ್ನದ ಬಣ್ಣದ ಅಂಚಿನಲ್ಲಿರುವ ಕಚ್ಚು ಸ್ಲಾಟ್‌ನ ಉಬ್ಬಿಗೆ ಸರಿಹೊಂದುವಂತೆ ಹಿಡಿದು ಸ್ವಲ್ಪ ಓರೆಯಾಗಿ ಒಳಕ್ಕೆ ತಳ್ಳಿದರೆ ಅದು ಓರೆಯಾಗಿಯೇ ಎದ್ದು ನಿಲ್ಲುತ್ತದೆ. ಬೆರಳಿನಿಂದ ಕೆಳಕ್ಕೆ ಒತ್ತಿ ತುದಿಯ ಪುಟ್ಟ ಸ್ಕ್ರೂ ಬಿಗಿಯಬೇಕು. ಖಾಲಿ ಸ್ಲಾಟ್‌ಗೆ ಆ ಸ್ಕ್ರೂ ಕೊಟ್ಟೇ ಇರದ ಲ್ಯಾಪ್‌ಟಾಪ್‌ಗಳಿವೆ. ಮೊದಲೇ ನೋಡಿ ತರಿಸಿಟ್ಟುಕೊಂಡರೆ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ. ದಪ್ಪ ಹೀಟ್‌ಸಿಂಕ್ ಇರುವ ಎಸ್‌ಎಸ್‌ಡಿಗಳು ಡೆಸ್ಕ್‌ಟಾಪ್‌ಗಾಗಿ ಮಾಡಿದವು, ಮುಚ್ಚಳ ಕೂರುವುದಿಲ್ಲ. ಮುಖ್ಯ ಡ್ರೈವನ್ನೇ ಬದಲಿಸುವುದಾದರೆ ಬಿಟ್‌ಲಾಕರ್ ರಿಕವರಿ ಕೀಯನ್ನು (ವಿಂಡೋಸ್ ಎನ್‌ಕ್ರಿಪ್ಟ್ ಮಾಡಿದ ಡ್ರೈವ್ ತೆರೆಯಲು ಬೇಕಾದ ಸಂಖ್ಯೆಯನ್ನು) ಬೇರೆಡೆ ಬರೆದಿಟ್ಟುಕೊಂಡೇ ಕೈಹಾಕಿ. ವಿಂಡೋಸ್ 11 ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ನನ್ನು ತಾನಾಗಿಯೇ ಆನ್ ಮಾಡಿರುತ್ತದೆ.

ಇನ್ನೊಂದು ಎಚ್ಚರಿಕೆ. ಸ್ಟೋರೇಜ್ ದಿನೇ ದಿನೇ ಅಗ್ಗವಾಗುತ್ತದೆ ಎಂಬ ನಂಬಿಕೆ ಈಗ ಸಲ್ಲದು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಎರಡರ ಬೆಲೆಯೂ ಏರಿತು. ಕೊಳ್ಳುವ ದಿನ ಬಿಡಿ ಎಸ್‌ಎಸ್‌ಡಿಯ ಬೆಲೆಯನ್ನೂ, 512ರ ಬದಲು 1 ಟಿಬಿ ಮಾದರಿಗೆ ತಯಾರಕರು ಕೇಳುವ ಹೆಚ್ಚುವರಿ ಹಣವನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಯಾರಕರದೇ ಕಡಿಮೆ ಎಂದಾದರೆ ಆಗಲೇ 1 ಟಿಬಿ ತೆಗೆದುಕೊಳ್ಳುವುದು ಲಾಭ.

ಸ್ಟೋರೇಜ್ ಮೊದಲು ಎನ್ನಬೇಕಾದವರು

ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ 2, ಡೋಟಾ 2, ಮೈನ್‌ಕ್ರಾಫ್ಟ್ ಇಷ್ಟೇ ಆಡುವವರಿಗೆ 6 ಜಿಬಿಯ 4050 ಧಾರಾಳ, 3050 ಕೂಡ ನಡೆಯುತ್ತದೆ. ಅವರು 8 ಜಿಬಿಗಾಗಿ ಒದ್ದಾಡಬೇಕಿಲ್ಲ. ಅದೇ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಸಂಕಲನವನ್ನೂ ಮಾಡುವವರಿಗೆ 1 ಟಿಬಿ ಮೊದಲ ದಿನದಿಂದಲೇ ಬೇಕು. ಒಂದೇ ಸ್ಲಾಟ್‌ನ ಮಾದರಿಯಲ್ಲದೆ ಬೇರೇನೂ ಬಜೆಟ್‌ಗೆ ಹೊಂದದವರಿಗೂ, ಮುಚ್ಚಳ ತೆರೆಯುವ ಗೋಜೇ ಬೇಡ ಎನ್ನುವವರಿಗೂ ಅಷ್ಟೇ.

ಇಂಟರ್‌ನೆಟ್ ನಿಧಾನವಿರುವವರ ಸ್ಥಿತಿ ಸ್ವಲ್ಪ ಬೇರೆ. ಒಂದು ಆಟ ಅಳಿಸಿ ಇನ್ನೊಂದನ್ನು ಇಳಿಸಿಕೊಳ್ಳುವುದು ಅವರಿಗೆ ದಿನಗಟ್ಟಲೆಯ ಕೆಲಸ. 100 ಎಂಬಿಪಿಎಸ್ ಸಂಪರ್ಕದಲ್ಲೇ 100 ಜಿಬಿಯ ಆಟಕ್ಕೆ ಎರಡು ಗಂಟೆಯ ಮೇಲಾಗುತ್ತದೆ. ಆದರೆ ಇದಕ್ಕೆ ಗ್ರಾಫಿಕ್ಸ್ ಬಿಟ್ಟುಕೊಡದೆ ಒಂದು ದಾರಿಯಿದೆ: ಹಳೆಯದೊಂದು ಹೊರಗಿನ ಹಾರ್ಡ್ ಡಿಸ್ಕ್. ಆಡದೇ ಇಟ್ಟ ಆಟಗಳನ್ನು ಸ್ಟೀಮ್‌ನ (ಆಟಗಳನ್ನು ಕೊಂಡು ಇಳಿಸಿಕೊಳ್ಳುವ ತಂತ್ರಾಂಶದ) ಸ್ಟೋರೇಜ್ ಸೆಟ್ಟಿಂಗ್ ಮೂಲಕ ಅದಕ್ಕೆ ಸಾಗಿಸಿ, ಬೇಕಾದಾಗ ಎಸ್‌ಎಸ್‌ಡಿಗೆ ವಾಪಸ್ ತಂದುಕೊಳ್ಳಬಹುದು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 100 ಜಿಬಿ ಬರಲು ಹದಿನೇಳು ನಿಮಿಷ ಸಾಕು. ಅಲ್ಲಿಂದಲೇ ಆಡಬೇಕೆಂದರೆ 10 ಜಿಬಿಪಿಎಸ್ ಯುಎಸ್‌ಬಿ ಪೋರ್ಟ್‌ಗೆ ಜೋಡಿಸಿದ ಹೊರಗಿನ ಎಸ್‌ಎಸ್‌ಡಿ ಬೇಕು. ಸೆಕೆಂಡಿಗೆ ಸುಮಾರು 1000 ಎಂಬಿ ಸಿಗುತ್ತದೆ, ಸಾಟಾಕ್ಕಿಂತ ಹೆಚ್ಚೇ. ಕೇಬಲ್ ಅಲುಗಾಡಿದರೆ ಆಟ ನಿಲ್ಲುತ್ತದೆ ಎಂಬುದೊಂದೇ ತೊಂದರೆ.

ರ‍್ಯಾಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 16 ಜಿಬಿ ಬೇಕು, ಎರಡು ತುಂಡುಗಳಲ್ಲಿ ಬೇಕು. 8 ಜಿಬಿಯ ಒಂದೇ ತುಂಡು ಇರುವ ಮಾದರಿ ಕೊಂಡರೆ ಅಂಥದ್ದೇ ಇನ್ನೊಂದಕ್ಕೆ ಹಣ ತೆಗೆದಿಡಿ, ಎಸ್‌ಎಸ್‌ಡಿಗಿಂತ ಮೊದಲು. ಬೋರ್ಡಿಗೆ ಬೆಸೆದ 8 ಜಿಬಿ, ಖಾಲಿ ಸ್ಲಾಟ್ ಇಲ್ಲ ಎಂದಾದರೆ ಆ ಲ್ಯಾಪ್‌ಟಾಪನ್ನು ಅಲ್ಲಿಗೇ ಬಿಡಿ.

ಮನೆಗೆ ಬಂದ ದಿನ ಮಾಡಬೇಕಾದದ್ದು

ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಹೇಳಿದ್ದೇ ಸಿಕ್ಕಿದೆಯೇ ನೋಡಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಒತ್ತಿದರೆ ಮೀಸಲು ವಿಡಿಯೊ ಮೆಮೊರಿ ಎಷ್ಟೆಂದು ಕಾಣುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನ ಸಿಸ್ಟಮ್ ಇನ್ಫರ್ಮೇಷನ್ ಕಿಟಕಿಯಲ್ಲಿ ಗರಿಷ್ಠ ಗ್ರಾಫಿಕ್ಸ್ ವ್ಯಾಟ್ ಬರೆದಿರುತ್ತದೆ. ಡೈನಾಮಿಕ್ ಬೂಸ್ಟ್ ಸೇರಿದ ಸಂಖ್ಯೆ ಅದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಎಸ್‌ಎಸ್‌ಡಿಯ ಮಾದರಿ, ಪಿಸಿಐಇ ಪೀಳಿಗೆ, ಎಷ್ಟು ಗಂಟೆ ಓಡಿದೆ ಎಂಬುದನ್ನೆಲ್ಲ ತೋರಿಸುತ್ತದೆ. ಹೊಸದೆಂದು ಕೊಂಡ ಯಂತ್ರದಲ್ಲಿ ನೂರಾರು ಗಂಟೆ ಕಂಡರೆ ಅದು ಹೊಸದಲ್ಲ. ಆಮೇಲೆ ಅಡಾಪ್ಟರ್ ಚುಚ್ಚಿ, ಫ್ಯಾನ್‌ಗಳನ್ನು ಪರ್ಫಾರ್ಮೆನ್ಸ್ ಮೋಡ್‌ನಲ್ಲಿಟ್ಟು, ನಿಮ್ಮಲ್ಲಿರುವ ಅತ್ಯಂತ ಭಾರದ ಆಟವನ್ನು ಅರ್ಧ ಗಂಟೆ ಓಡಿಸಿ, ವ್ಯಾಟ್ ಲೆಕ್ಕವನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಇಟ್ಟುಕೊಳ್ಳಿ. ಬ್ಯಾಟರಿಯಲ್ಲಿ ಈ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ, ಆಗ ಎಲ್ಲ ಗೇಮಿಂಗ್ ಲ್ಯಾಪ್‌ಟಾಪ್‌ಗಳೂ ನಿಧಾನವಾಗುತ್ತವೆ. ಮೊದಲ ಐದು ನಿಮಿಷ 95 ವ್ಯಾಟ್ ತೋರಿಸಿ ಆಮೇಲೆ 60ಕ್ಕೆ ಇಳಿದು ಅಲ್ಲೇ ನಿಂತರೆ ಶಾಖ ಹೊರಹಾಕುವ ವ್ಯವಸ್ಥೆ ಸಾಲದು ಎಂದರ್ಥ. ಅಂಥ ಲ್ಯಾಪ್‌ಟಾಪನ್ನು ಆ ಅವಧಿಯೊಳಗೇ ವಾಪಸ್ ಕೊಡಿ.